ಮೊದಲು ರಕ್ತ ಪರೀಕ್ಷೆ, ಆಮೇಲೆ ಮಾತ್ರೆ

ಮಗಳೇ, ಗೋರ್ವಾ ಬಡಾವಣೆಯ ನಿನ್ನ ಬಾಡಿಗೆ ಕೋಣೆಯಲ್ಲಿ ಡಬ್ಬಿಗಳ ಸಾಲು ನೋಡಿ ಬಂದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ದಿನಕ್ಕೊಂದು ಮಲ್ಟಿವಿಟಮಿನ್, ಕೂದಲು ಉದುರದಿರಲೆಂದು ಬಯೋಟಿನ್, ಜೊತೆಗೆ 60,000 ಯೂನಿಟ್ಟಿನ ವಿಟಮಿನ್ ಡಿ ಪೊಟ್ಟಣ. ಯಾವುದನ್ನೂ ಡಾಕ್ಟರು ಬರೆದುಕೊಟ್ಟಿಲ್ಲ.

1907ರಲ್ಲಿ ಶುರುವಾದ ಔಷಧ ಕಂಪನಿ ಅಲೆಂಬಿಕ್ ನಿನ್ನ ಏರಿಯಾದ ಪಕ್ಕದಲ್ಲೇ ಇದೆ. ಔಷಧಿ ಮಾಡುವ ಊರಲ್ಲಿದ್ದುಕೊಂಡು ಔಷಧಿಯನ್ನು ಇಷ್ಟು ಹಗುರವಾಗಿ ತಿನ್ನಬಾರದು. ಹೆಚ್ಚಾದ ವಿಟಮಿನ್ ಸಿ ಮೂತ್ರದಲ್ಲಿ ಹೋಗುತ್ತದೆ, ಡಿ ಹಾಗಲ್ಲ, ಕೊಬ್ಬಿನಲ್ಲಿ ಉಳಿಯುತ್ತದೆ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು. ಫಿನ್ಲೆಂಡಿನಲ್ಲಿ ಸಾವಿರಾರು ಧೂಮಪಾನಿಗಳಿಗೆ ಕ್ಯಾನ್ಸರ್ ತಡೆಯಲೆಂದು, ದೇಹದಲ್ಲಿ ವಿಟಮಿನ್ ಎ ಆಗುವ ಬೀಟಾ ಕೆರೋಟಿನ್ ಕೊಟ್ಟರು. 1994ರಲ್ಲಿ ಫಲಿತಾಂಶ ಬಂದಾಗ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಿತ್ತು. ನೀನು ಸಿಗರೇಟು ಸೇದುವವಳಲ್ಲ, ಗೊತ್ತು. ವಿಟಮಿನ್ ಅಂದಮಾತ್ರಕ್ಕೆ ಕೇಡಿಲ್ಲ ಅಂದುಕೊಳ್ಳಬೇಡ ಅಂತ ಹೇಳಿದೆ.

ಆದರೆ ಬಿ12 ಮಾತ್ರೆ ಬೇಕಾಗಬಹುದು ಅನ್ನುವುದಾದರೆ ನಾನು ನಿನ್ನ ಪರವೇ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ, ನೀನಿರುವುದೂ ಸಸ್ಯಾಹಾರದ ಊರು. ಬೇಳೆ, ಸೊಪ್ಪು, ಬಾಜ್ರಾ ರೋಟ್ಲೊ (ಸಜ್ಜೆ ರೊಟ್ಟಿ) ಎಷ್ಟೇ ತಿಂದರೂ ಬಿ12 ಸಿಗುವುದಿಲ್ಲ; ನಮ್ಮಂಥವರಿಗೆ ಹಾಲು ಮೊಸರೇ ಗತಿ. ಮೆಸ್ಸಿನಲ್ಲಿ ದಿನವೂ ಛಾಸ್ (ಮಜ್ಜಿಗೆ) ಕುಡಿಯುತ್ತೇನೆ ಅನ್ನುತ್ತೀಯ, ಅದರಲ್ಲಿ ಮೊಸರಿಗಿಂತ ನೀರೇ ಜಾಸ್ತಿ. ಕೊರತೆ ಮುಂದುವರಿದರೆ ಕೈಕಾಲು ಜೋಮು ಹಿಡಿಯುತ್ತದೆ, ಮರೆವು ಬರುತ್ತದೆ. ತಡವಾದರೆ ನರಕ್ಕಾದ ಹಾನಿ ಪೂರ್ತಿ ವಾಸಿಯಾಗದೆಯೂ ಇರಬಹುದು. ಕೊರತೆಯಿದ್ದವರಿಗೆ ಮಾತ್ರೆಯೋ ಇಂಜೆಕ್ಷನ್ನೋ ಬೇಕೇ ಬೇಕು. ಹಾಗೆಯೇ ಮುಂದೆ ಬಸುರಿಯಾಗುವ ಯೋಚನೆ ಬಂದಾಗ ಫೋಲಿಕ್ ಆಮ್ಲವನ್ನು ಮೊದಲೇ ಶುರುಮಾಡಬೇಕು, ದಿನಕ್ಕೆ 400 ಮೈಕ್ರೋಗ್ರಾಂ. ಮಗುವಿನ ಬೆನ್ನುಹುರಿ ರೂಪುಗೊಳ್ಳುವುದು ಮೊದಲ ವಾರಗಳಲ್ಲೇ.

ಉಳಿದದ್ದಕ್ಕೆ ಹೊಟ್ಟೆತುಂಬ ಊಟ ಮಾಡು. ಆರೋಗ್ಯವಾಗಿರುವವರಿಗೆ ಮಲ್ಟಿವಿಟಮಿನ್‌ನಿಂದ ಹೃದ್ರೋಗವಾಗಲಿ ಕ್ಯಾನ್ಸರಾಗಲಿ ತಪ್ಪುತ್ತದೆ ಅನ್ನಲು ಸಾಕಷ್ಟು ಆಧಾರವಿಲ್ಲ ಎಂದು ಅಮೆರಿಕದ ತಜ್ಞರ ಸಮಿತಿ 2022ರಲ್ಲಿ ಹೇಳಿದೆ. ಆ ದುಡ್ಡಿಗೆ ಹಣ್ಣು ತಗೋ, ದಿನಾ ರಾತ್ರಿ ಒಂದು ಲೋಟ ಗಟ್ಟಿ ಹಾಲು ಕುಡಿ.

ಈ ವಾರವೇ ಡಾಕ್ಟರ ಹತ್ತಿರ ಹೋಗಿ ಬಿ12, ಡಿ, ಹಿಮೋಗ್ಲೋಬಿನ್ ಪರೀಕ್ಷೆ ಬರೆಸಿಕೋ. ಬಯೋಟಿನ್ ತಿನ್ನುವುದನ್ನು ಮುಚ್ಚಿಡಬೇಡ: ಅದರಿಂದ ಕೆಲವು ರಕ್ತ ಪರೀಕ್ಷೆಗಳು ದಾರಿ ತಪ್ಪುತ್ತವೆ, ಉದಾಹರಣೆಗೆ ಥೈರಾಯ್ಡ್ ಸರಿಯಿದ್ದರೂ ವರದಿ ತಪ್ಪು ತೋರಿಸಬಹುದು. ಎಷ್ಟು ದಿನ ಮೊದಲೇ ನಿಲ್ಲಿಸಬೇಕೆಂದು ಅವರನ್ನೇ ಕೇಳು. ಡಬ್ಬಿಗಳನ್ನೂ ಜೊತೆಗೇ ಒಯ್ದು ತೋರಿಸು. ವರದಿ ಬಂದ ದಿನ ನನಗೆ ಫೋನ್ ಮಾಡು, ಬಿ12 ಎಷ್ಟಿದೆ ಅಂತ ತಿಳಿಯುವವರೆಗೆ ನನಗೂ ನೆಮ್ಮದಿಯಿಲ್ಲ.