ಆಡಿದವರಿಗಷ್ಟೇ ನೆನಪಿರೋ ಕಥಿ

ತಮ್ಮಾ, ‘ಪ್ರಿನ್ಸ್ ಆಫ್ ಪರ್ಷಿಯಾ’ ಸಿನಿಮಾ ನೋಡಿ ಮಾರಿ ಸಣ್ಣದು ಮಾಡ್ಕೊಂಡು ಕುಂತೀ. ಅಷ್ಟು ಹಚ್ಕೊಂಡಿದ್ದ ಆಟ, ಬ್ಯಾಸರಾ ಆಗೂದ. ಆದ್ರ ‘ಸಿನಿಮಾದವರಿಗೆ ಆಟಾನ ತಿಳಿದಿಲ್ಲ’ ಅಂದೆಲ್ಲಾ, ಆ ಮಾತು ಹಿಂದಕ್ಕ ತೊಗೋ. 1989ರಾಗ ಆ ಆಟ ಹುಟ್ಟಿಸಿದಾಂವ ಜಾರ್ಡನ್ ಮೆಕ್ನರ್. ತನ್ನ ತಮ್ಮ ಓಡೂದು, ಜಿಗಿಯೂದು ವಿಡಿಯೋ ಮಾಡಿ, ಒಂದೊಂದ ಚಿತ್ರ ಬಿಡಿಸಿ ನೋಡಿ ರಾಜಕುಮಾರನ ನಡಿಗಿ ತಿದ್ದಿದಾಂವ. 2003ರ ‘ಸ್ಯಾಂಡ್ಸ್ ಆಫ್ ಟೈಮ್’ ಆಟಕ್ಕೂ ಆತನ ಬರವಣಿಗಿ ಐತಿ, 2010ರ ಸಿನಿಮಾದ ಮೂಲ ಕಥಿನೂ ಆತಂದ. ತಿಳಿದಾಂವನ ಕಥಿ ಪರದೆ ಮ್ಯಾಲ ಯಾಕ ಸಪ್ಪಗಾತು ಅನ್ನೂದನ್ನ ವಿಚಾರ ಮಾಡು.

ನೀ ‘ಸ್ಯಾಂಡ್ಸ್ ಆಫ್ ಟೈಮ್’ ಆಡುವಾಗ ನಾ ಬಾಜೂಕ ಕುಂತು ನೋಡೀನಿ. ಗ್ವಾಡಿ ಮ್ಯಾಲ ಓಡತಿದ್ದಿ, ಬೀಳತಿದ್ದಿ, ಕಠಾರಿ ಒತ್ತಿ ವ್ಯಾಳ್ಯಾ ಹಿಂದಕ್ಕ ತಿರುಗಿಸಿ ಮತ್ತ ಓಡತಿದ್ದಿ. ಕಡೀಕ ರಾಜಕುಮಾರ ವ್ಯಾಳ್ಯಾನ್ನ ಮೊದಲಿಗೇ ಒಯ್ದು ಬಿಡತಾನ. ಆದ ಅನಾಹುತ ಆಗೇ ಇಲ್ಲ. ಆದ್ರ ಆಟದುದ್ದಕ್ಕೂ ಜೋಡಿ ನಡದ ಫರಾ ಅನ್ನೂ ಹುಡುಗಿಗೆ ಆತ ಯಾರಂತನ ಗೊತ್ತಿಲ್ಲ. ಅವತ್ತ ನೀ ಭಾಳ ಹೊತ್ತು ಮಾತಾಡಲಿಲ್ಲ. ಪಟ್ಟ ಪಾಡೆಲ್ಲಾ ನೆನಪಿದ್ದದ್ದು ಇಬ್ಬರಿಗೇ: ಆತಗ, ನಿನಗ. ಬಾಜೂಕ ಕುಂತ ನನಗ ಅದು ಅಷ್ಟು ತಟ್ಟಲಿಲ್ಲ.

ಸಿನಿಮಾದ ಮುಕ್ತಾಯನೂ ಹೆಚ್ಚು ಕಡಿಮಿ ಅದ. ಅಲ್ಲಿಯ ರಾಜಕುಮಾರ ದಸ್ತಾನ್ ವ್ಯಾಳ್ಯಾ ತಿರುಗಸ್ತಾನ, ಸತ್ತ ಅಣ್ಣಂದಿರು ಬದುಕತಾರ, ರಾಜಕುಮಾರಿ ತಮೀನಾಗ ಏನೂ ನೆನಪಿಲ್ಲ. ಆದ್ರ ಎರಡು ತಾಸು ಸುಮ್ಮನ ಕುಂತು ನೋಡಿದವಂದು ಅಂತ ಅಲ್ಲಿ ಅಳಿಸಿಹೋಗಿದ್ದರ ಏನು? ಸತ್ತವರು ಎದ್ದು ಬಂದಕೂಡ್ಲೆ ಅವರ ಸಾವೂ ಹಗುರಾತು. ನೀ ಅತ್ತದ್ದಕ್ಕ ಬೆಲೀನ ಇಲ್ಲದಂಗ ಆತು. ನಿನ್ನ ಸಿಟ್ಟಿನ ಬೇರು ಇಲ್ಲೆ ಐತಿ ಅಂತ ನನಗ ಅನಸ್ತದ.

ಆಡೂದಕ್ಕೂ ನೋಡೂದಕ್ಕೂ ಇರೂ ಫರಕು ನೋಡು. ನಮ್ಮ ನವಲಗುಂದದ ಜಮಖಾನದಾಗ ಪಗಡಿ ಹಾಸು ನೇಯೂದು ಹಳೇ ಪದ್ಧತಿ. ಅದರ ಮ್ಯಾಲ ಆಡಾವಂಗ ಮುಂದಿನ ಗರ ಗೊತ್ತಿರೂದಿಲ್ಲ, ಅದಕ್ಕ ಜೀವಾ ಕೈಯಾಗ ಹಿಡಕೊಂಡು ಕುಂತಿರತಾನ. ಅದ ಜೂಜು ಪಂಪನ ‘ವಿಕ್ರಮಾರ್ಜುನ ವಿಜಯ’ದಾಗ ಬಂದಾಗ, ಧರ್ಮರಾಯ ಸೋಲತಾನ ಅಂತ ಓದಾವಂಗ ಮೊದಲ ಗೊತ್ತು. ಗೊತ್ತಿದ್ದರೂ ಆತನ ಕೈ ಹಿಡಿದು ನಿಲ್ಲಸಾಕ ಬರೂದಿಲ್ಲ. ಆ ಸಂಕಟಾನ ಅಲ್ಲಿಯ ಬಲ. ಸಿನಿಮಾನೂ ಅದ ಜಾತೀದು. ನಿನ್ನ ಕೈಯಾಗಿನ ಗುಂಡಿ ಕಸಗೊಂಡ ಮ್ಯಾಲ, ತಡಿಯಾಕಾಗದ ಸಂಕಟಾನರ ಅದು ಕೊಡಬೇಕಿತ್ತು. ಅದನ್ನೂ ಕಡೀಕ ಅಳಿಸಿ ಹಾಕಿತು.

ಆಟಾನ ಪರದೆಗೆ ಚಲೋತ್ನಂಗ ತರೂದು ಆಗೂದ ಇಲ್ಲ ಅಂತಲ್ಲ. 2023ರ ‘ದ ಲಾಸ್ಟ್ ಆಫ್ ಅಸ್’ ಧಾರಾವಾಹಿ ಮೂರನೇ ಕಂತು ನೋಡು. ಅದರ ಮೂಲ ಆಟದಾಗ ಫ್ರಾಂಕ್ ಅನ್ನಾಂವ ಜೀವಂತ ಕಾಣಸೂದ ಇಲ್ಲ, ಹೆಣಾ, ಒಂದು ಚೀಟಿ ಅಷ್ಟ. ಧಾರಾವಾಹಿ ಮಾಡಿದವರು ಆತ ತನ್ನ ಸಂಗಾತಿ ಬಿಲ್ ಜೋಡಿ ಬಾಳಿದ ವರ್ಷಗಳನ್ನ ತೋರಿಸ್ಯಾರ. ಆಡಾವನ ಕೈಗೆ ಸಿಗದ ಜಾಗಾ ಹುಡುಕಿ ಅಲ್ಲೆ ಕಥಿ ಕಟ್ಟ್ಯಾರ.

ಸಿನಿಮಾ ಕಲೀಬೇಕು ಅನ್ನೂ ಆಸೆ ನಿನಗೈತಿ, ಅದಕ್ಕ ಇಷ್ಟು ಹೇಳತೀನಿ. ಬೈಯೂದ್ರಾಗ ಈ ಬ್ಯಾಸರಾ ಖರ್ಚು ಮಾಡಬ್ಯಾಡ. ಆಟದಾಗ ನಿನ್ನ ಎದಿಗೆ ತಟ್ಟಿದ ಜಾಗಾ ಎಲ್ಲಾ ವಹಿಯಾಗ ಬರಿ. ಎಲ್ಲೆಲ್ಲಿ ನಿನ್ನ ಕೈ ಕೆಲಸಾ ಮಾಡಿತ್ತು, ಎಲ್ಲೆಲ್ಲಿ ಬರೇ ಕಣ್ಣು, ಬಾಜೂಕ ಗುರ್ತು ಹಾಕು. ಕಣ್ಣಿನ ಜಾಗಾದಾಗಿಂದ ಒಂದು ಆರಿಸಿ, ನಿನ್ನ ಗೆಳ್ಯಾರನ್ನ ಕೂಡಿಸಿ ಮೊಬೈಲಿನಾಗ ಐದು ನಿಮಿಷದ ಚಿತ್ರಾ ಮಾಡು. ಆಟಾನ ಆಡದ ನಿಮ್ಮವ್ವಗ ಮೊದಲ ತೋರಿಸು.