ಮತ್ತೆ ಕಾಮಿಕ್ಸ್ ಸಂಗ್ರಹಕ್ಕೆ: ಶಹಾಬಾದ ಸೀಮೆಯವರಿಗೆ ಮುಖ್ಯಾಂಶಗಳು

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳಿಗೆ ಈ ಟಿಪ್ಪಣಿ. ಹೈಸ್ಕೂಲು ಮುಗಿದ ಮೇಲೆ ಕಾಮಿಕ್ಸ್ ಸಂಗ್ರಹ ಕೈಬಿಟ್ಟು, ಈಗ ಮತ್ತೆ ಶುರು ಮಾಡಬೇಕೆಂದಿರುವವರಿಗೂ ಇದು ಉಪಯೋಗಕ್ಕೆ ಬಂದೀತು. ಮರಳಿ ಬರುವವರು ಮೊದಲು ಹುಡುಕಬೇಕಾದ್ದು ಕನ್ನಡದ ಪ್ರತಿಗಳನ್ನು. ಇಂಗ್ಲಿಷ್ ಸಂಚಿಕೆಗಳಿಗೆ ದೇಶದ ತುಂಬ ಕಾಯುವವರಿದ್ದಾರೆ. ಕನ್ನಡದವು ರದ್ದಿಗೆ ಹೋದರೆ ಕೇಳುವವರಿಲ್ಲ.

ಅಮರ ಚಿತ್ರ ಕಥೆ

• ಪರೀಕ್ಷೆಯಲ್ಲಿ ಸಾಮಾನ್ಯವಾಗಿ ನಿರೀಕ್ಷಿಸುವ ಉತ್ತರ: ಸ್ಥಾಪಕ ಅನಂತ ಪೈ, ವರ್ಷ 1967, ಪ್ರಕಾಶಕರು ಇಂಡಿಯಾ ಬುಕ್ ಹೌಸ್.

• ಆದರೆ ಈ ಹೆಸರಿನ ಪುಸ್ತಕಗಳು ಮೊದಲು ಬಂದದ್ದು 1965ರಲ್ಲಿ, ಕನ್ನಡದಲ್ಲಿ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಇದನ್ನು ಆರಂಭಿಸಿದರು. ಕನ್ನಡ ಪುಸ್ತಕಗಳು ಚೆನ್ನಾಗಿ ಮಾರಾಟವಾದ ಮೇಲೆಯೇ ಮುಂಬಯಿ ಕಚೇರಿ ಇಂಗ್ಲಿಷ್ ಸರಣಿಗೆ ಮುಂದಾಯಿತು ಎಂಬುದು ಅನಂತರಾಮ್ ಅವರೇ ಕೊಟ್ಟ ವಿವರ. ಕನ್ನಡಿಗರು ಇದನ್ನು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು.

• ಮೊದಲ ಹತ್ತು ಸಂಚಿಕೆಗಳಲ್ಲಿ ರಾಮನೂ ಇಲ್ಲ, ಕೃಷ್ಣನೂ ಇಲ್ಲ. ಸಿಂಡರೆಲಾ, ಅಲ್ಲಾವುದ್ದೀನ, ಪಿನೋಕಿಯೊ ಮುಂತಾದ ಹೊರನಾಡಿನ ಕಥೆಗಳಿದ್ದವು. ಅನಂತ ಪೈ ರೂಪಿಸಿದ ಪೌರಾಣಿಕ ಸರಣಿಯ ಮೊದಲ ಪುಸ್ತಕ ‘ಕೃಷ್ಣ’ದ ಸಂಖ್ಯೆ 11 ಆಗಿರುವುದು ಇದೇ ಕಾರಣಕ್ಕೆ. ‘ಕೃಷ್ಣ’ದ ಚಿತ್ರಕಾರ ರಾಮ್ ವಾಯೀರ್‌ಕರ್.

• ಅನಂತ ಪೈ: ಜನನ 17 ಸೆಪ್ಟೆಂಬರ್ 1929, ಕಾರ್ಕಳ. ಎಳವೆಯಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರು. ಹನ್ನೆರಡರ ವಯಸ್ಸಿಗೆ ಮುಂಬಯಿ ಸೇರಿದರು. ಓದಿದ್ದು ರಾಸಾಯನಿಕ ತಂತ್ರಜ್ಞಾನ. 1967ರಲ್ಲಿ ದೆಹಲಿ ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮವೊಂದರಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಸಲೀಸಾಗಿ ಉತ್ತರಿಸಿದ ಮಕ್ಕಳು ರಾಮನ ತಾಯಿಯ ಹೆಸರು ಹೇಳಲಾರದೆ ನಿಂತದ್ದು ತಮ್ಮನ್ನು ಈ ಕೆಲಸಕ್ಕೆ ಹಚ್ಚಿತು ಎಂದು ಅವರು ಹೇಳುತ್ತಿದ್ದರು. ನವೆಂಬರ್ 1980ರಲ್ಲಿ ‘ಟಿಂಕಲ್’ ಆರಂಭಿಸಿದರು. ನಿಧನ 24 ಫೆಬ್ರವರಿ 2011, ಮುಂಬಯಿ.

ಇತರ ಹೆಸರುಗಳು

• ಇಂದ್ರಜಾಲ್ ಕಾಮಿಕ್ಸ್: ಮಾರ್ಚ್ 1964ರಿಂದ 1990ರವರೆಗೆ, ಟೈಮ್ಸ್ ಆಫ್ ಇಂಡಿಯಾ ಬಳಗ. ಮೊದಲ ನಾಯಕ ಫ್ಯಾಂಟಮ್, ಆಮೇಲೆ ಮಾಂಡ್ರೇಕ್ ಮುಂತಾದವರು. ದೇಶೀ ನಾಯಕ ‘ಬಹಾದುರ್’ 1976ರಲ್ಲಿ ಬಂದ. ಸೃಷ್ಟಿಸಿದವರು ಆಬಿದ್ ಸುರ್ತಿ. 123 ಮತ್ತು 124ನೇ ಸಂಖ್ಯೆಗಳು ಅಚ್ಚಾಗಲೇ ಇಲ್ಲ, ಅವನ್ನು ಹುಡುಕುತ್ತ ಕೂಡಬೇಡಿ.

• ಫ್ಯಾಂಟಮ್‌ನನ್ನು ಕನ್ನಡದ ಮನೆಮನೆಗೆ ತಂದದ್ದು 1965ರಲ್ಲಿ ಆರಂಭವಾದ ‘ಸುಧಾ’ ವಾರಪತ್ರಿಕೆ. ಆ ಪುಟಗಳನ್ನು ಕತ್ತರಿಸಿ, ಹೊಲಿದು, ರಟ್ಟು ಹಾಕಿಟ್ಟುಕೊಂಡವರು ಅನೇಕರು. ಅಂಥ ಕಟ್ಟು ಸಿಕ್ಕರೆ ಬಿಡಿಸಬೇಡಿ, ಇದ್ದಂತೆಯೇ ಇಡಿ.

• ‘ಚಂದಮಾಮ’: ತೆಲುಗು, ತಮಿಳಿನಲ್ಲಿ ಜುಲೈ 1947, ಕನ್ನಡದಲ್ಲಿ 1949. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ. ಕಟ್ಟುನಿಟ್ಟಾಗಿ ಹೇಳಿದರೆ ಇದು ಸಚಿತ್ರ ಕಥಾಪತ್ರಿಕೆ, ಕಾಮಿಕ್ಸ್ ಅಲ್ಲ; ಸಂಗ್ರಾಹಕರು ಮಾತ್ರ ಜೊತೆಗೇ ಇಡುತ್ತಾರೆ. ಮಹಾಭಾರತದ ಮುಖಪುಟಗಳಿಗೆ ಹೆಸರಾದವರು ಕನ್ನಡಿಗ ಎಂ.ಟಿ.ವಿ. ಆಚಾರ್ಯ, ಬೆನ್ನ ಮೇಲೆ ಬೇತಾಳನನ್ನು ಹೊತ್ತ ವಿಕ್ರಮನನ್ನು ಬರೆದವರು ‘ಶಂಕರ್’, ಅಂದರೆ ಕೆ.ಸಿ. ಶಿವಶಂಕರನ್.

• ಚಾಚಾ ಚೌಧರಿ: ಪ್ರಾಣ್, 1971. ನಾಗರಾಜ್: ರಾಜ್ ಕಾಮಿಕ್ಸ್, 1986. ಎರಡೂ ಹಿಂದಿ. ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿ, ರೈಲು ಸೇರಿದ ನಮ್ಮ ಊರುಗಳಲ್ಲಿ ಕನ್ನಡದ ಜೊತೆ ಉರ್ದು, ಹಿಂದಿ, ಮರಾಠಿ, ತೆಲುಗು ಯಾವಾಗಲೂ ಕಿವಿಗೆ ಬೀಳುತ್ತವೆ. ಒಂದೇ ಟ್ರಂಕಿನಲ್ಲಿ ನಾಲ್ಕು ಭಾಷೆಯ ಪುಸ್ತಕ ಸಿಕ್ಕರೆ ಬೇರ್ಪಡಿಸಿ ಮಾರಬೇಡಿ. ಆ ಬೆರಕೆಯೇ ಈ ಸೀಮೆಯ ಗುರುತು.

ನಮ್ಮ ಸೀಮೆಯ ಕಲ್ಲಿನ ಚಿತ್ರಕಥೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿ ಕುಸಿದ ಮೇಲೆ, ಮೂರ್ತಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡಿತು. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಗೆದಾಗ ಶಾತವಾಹನರ ಕಾಲದ ದೊಡ್ಡ ಸ್ತೂಪ ಬೆಳಕಿಗೆ ಬಂತು. ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ಅದರ ಸುಣ್ಣಕಲ್ಲಿನ ಫಲಕಗಳ ಮೇಲೆ ಬುದ್ಧನ ಬದುಕು, ಜಾತಕ ಕಥೆ, ರಾಜರ ಚಿತ್ರಗಳಿವೆ. ಹಲವು ಚಿತ್ರಗಳ ಜೊತೆ ಅದು ಯಾರು, ಏನು ಎಂದು ಬ್ರಾಹ್ಮಿ ಲಿಪಿಯಲ್ಲಿ ಬರೆದಿದೆ. ರಾಣಿ, ಪರಿಚಾರಿಕೆಯರ ಜೊತೆ ನಿಂತ ದೊರೆಯ ಫಲಕದಲ್ಲಿ ‘ರಾಯ ಅಸೋಕೋ’ ಎಂದಿದೆ. ಹೆಸರು ಬರೆದಿರುವ ಅಶೋಕನ ಶಿಲ್ಪ ಎಂದು ಪರೀಕ್ಷೆಗೆ ಇದು ಮುಖ್ಯ. ನಮಗೆ ಇನ್ನೊಂದು ಕಾರಣಕ್ಕೂ ಮುಖ್ಯ: ಚೌಕಟ್ಟಿನೊಳಗೆ ಚಿತ್ರ, ಅದರ ಜೊತೆ ಬರಹ, ಒಂದರ ಪಕ್ಕ ಇನ್ನೊಂದು. ಅಮರ ಚಿತ್ರ ಕಥೆಯ ‘ಅಶೋಕ’ ಕೈಗೆ ಸಿಕ್ಕವರು ಒಮ್ಮೆ ಕನಗನಹಳ್ಳಿಗೆ ಹೋಗಿ ಬರಲಿ. ಚಿತ್ರದಲ್ಲಿ ಕಥೆ ಹೇಳುವುದು ಭೀಮಾ ತೀರಕ್ಕೆ ಹೊಸದಲ್ಲ.

ಮುದ್ರಣ ಗುರುತಿಸುವುದು

ಅಮರ ಚಿತ್ರ ಕಥೆಯಲ್ಲಿ ಮರುಮುದ್ರಣಗಳೇ ಹೆಚ್ಚು. ಮುಖಪುಟದ ಬೆಲೆ ನೋಡಿ. ಹಿಂಬದಿಯಲ್ಲಿ ಶೀರ್ಷಿಕೆಗಳ ಪಟ್ಟಿ ಇದ್ದರೆ ಅದರ ಕೊನೆಯ ಸಂಖ್ಯೆ ನೋಡಿ. ನಿಮ್ಮ ಕೈಯಲ್ಲಿರುವ ಪ್ರತಿ ಆ ಸಂಖ್ಯೆಯ ಪುಸ್ತಕಕ್ಕಿಂತ ಹಳೆಯದಾಗಿರುವ ಸಾಧ್ಯತೆ ಕಡಿಮೆ. 501 ಅಥವಾ ಅದರ ಮೇಲಿನ ಸಂಖ್ಯೆಯಿದ್ದರೆ ಅದು 1990ರ ದಶಕದಿಂದ ಈಚೆಗೆ ದಪ್ಪ ಹೊದಿಕೆಯೊಂದಿಗೆ ಬಂದ ಹೊಸ ಸರಣಿ. ಅಲ್ಲಿ ‘ಕೃಷ್ಣ’ದ ಸಂಖ್ಯೆಯೇ 501. ಮಧ್ಯದ ಹಾಳೆ ಇದೆಯೇ ಎಂದು ತಪ್ಪದೆ ಎಣಿಸಿ, ಪಿನ್ನು ಸಡಿಲಾದಾಗ ಮೊದಲು ಹೋಗುವುದು ಅದೇ.

ಕಾಪಾಡುವುದು

• ಅಗ್ಗದ ಕಾಗದದಲ್ಲಿ ಲಿಗ್ನಿನ್ ಮತ್ತು ಆಮ್ಲ ಉಳಿದಿರುತ್ತವೆ. ಬಿಸಿಲು, ಬಿಸಿ ಎರಡೂ ಅದನ್ನು ಹಳದಿಯಾಗಿಸಿ ಮುರುಕಲು ಮಾಡುತ್ತವೆ. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ತಗಡಿನ ಮಾಡಿನ ಕೆಳಗೆ ಟ್ರಂಕು ಇಡಬೇಡಿ.

• ಫರಸಿ ನೆಲದ ಮೇಲೆ, ಗೋಡೆಗೆ ಆನಿಸಿ ಇಡಬೇಡಿ. ಮಳೆಗಾಲದಲ್ಲಿ ಕಲ್ಲು ತಂಪಾಗಿ ಬೆವರುತ್ತದೆ, ಪಿನ್ನು ತುಕ್ಕು ಹಿಡಿಯುತ್ತದೆ. ಮರದ ಹಲಗೆ ಹಾಕಿ, ಗೋಡೆಯಿಂದ ಗೇಣು ದೂರ.

• ಸೆಲ್ಲೋ ಟೇಪ್ ಬೇಡ. ಲ್ಯಾಮಿನೇಷನ್ ಬೇಡವೇ ಬೇಡ. ಪಿವಿಸಿ ಕವರ್ ಬದಲು ಪಾಲಿಪ್ರೊಪಿಲೀನ್ ಕವರ್, ಒಳಗೆ ಆಮ್ಲವಿಲ್ಲದ ರಟ್ಟು.

• ಸಿಮೆಂಟ್ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಮೆತ್ತನೆಯ ಒಣ ಕುಂಚ ಸಾಕು.

ಎಲ್ಲಿ ಹುಡುಕುವುದು, ಎಷ್ಟು ಕೊಡುವುದು

ಮೊದಲು ನೆಂಟರ ಮನೆಯ ಅಟ್ಟ, ಆಮೇಲೆ ರದ್ದಿ ಅಂಗಡಿ. ವಾಡಿಯಿಂದ ರೈಲು ಹತ್ತಿದರೆ ಹೈದರಾಬಾದಿನ ಅಬಿಡ್ಸ್ ಫುಟ್‌ಪಾತಿನ ಭಾನುವಾರದ ಪುಸ್ತಕ ಸಂತೆ. ವಾಡಿ–ಸಿಕಂದರಾಬಾದ್ ಮಾರ್ಗ 1874ರದು, ಅದೂ ನೆನಪಿರಲಿ. ಬೆಂಗಳೂರಿನಲ್ಲಿ ಅವೆನ್ಯೂ ರಸ್ತೆ, ಚರ್ಚ್ ಸ್ಟ್ರೀಟ್.

ಅಮೆರಿಕದಲ್ಲಿ 1938ರಲ್ಲಿ 10 ಸೆಂಟಿಗೆ ಮಾರಾಟವಾದ, ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹೋಯಿತು. ಆ ಲೆಕ್ಕ ಇಟ್ಟುಕೊಂಡು ಇಲ್ಲಿ ಕೊಳ್ಳಲು ಹೋಗಬೇಡಿ. ಅಲ್ಲಿನ ಅಳತೆಗೋಲಿನಲ್ಲಿ ಮುಖಪುಟದ ಮೇಲೆ ಬರೆದ ಹೆಸರು ಸಾಮಾನ್ಯವಾಗಿ ಬೆಲೆ ಇಳಿಸುತ್ತದೆ. ನನ್ನ ಅಭಿಪ್ರಾಯ ಬೇರೆ: ‘ಏಳನೇ ಇಯತ್ತೆ, ಬ ವಿಭಾಗ’ ಎಂಬ ಬರಹವಾಗಲಿ, ಬಾಡಿಗೆ ಲೈಬ್ರರಿಯ ಠಸ್ಸೆಯಾಗಲಿ ಆ ಪ್ರತಿ ಯಾವ ಊರಿನಲ್ಲಿ, ಯಾರ ಕೈಯಲ್ಲಿ ಓಡಾಡಿತು ಎಂಬುದಕ್ಕೆ ಉಳಿದ ದಾಖಲೆ. ಅಳಿಸಬೇಡಿ.

ಪಟ್ಟಿ

ಒಂದು ನೋಟ್‌ಬುಕ್ಕು ಸಾಕು. ಪ್ರತಿ ಪುಸ್ತಕಕ್ಕೆ ಸಂಖ್ಯೆ, ಶೀರ್ಷಿಕೆ, ಭಾಷೆ, ಅಚ್ಚಾದ ಬೆಲೆ, ವರ್ಷ, ಚಿತ್ರಕಾರ, ಅನುವಾದಕ, ಸಿಕ್ಕ ಊರು ಬರೆಯಿರಿ. ಅನುವಾದಕರ ಕಾಲಂ ಖಾಲಿ ಬಿಡಬೇಡಿ. ಒಳಪುಟದಲ್ಲಿ ಸಣ್ಣಕ್ಷರದಲ್ಲಿ ಹೆಸರಿದ್ದರೆ ಅದನ್ನು ಬರೆದಿಟ್ಟುಕೊಳ್ಳುವ ಕೊನೆಯ ಅವಕಾಶ ನಿಮ್ಮದೇ ಇರಬಹುದು.