ಅಣಬೆ ಮತ್ತು ಉಬ್ಬಸ

ಉಬ್ಬಸ ನಿಮಗೆ ಗೊತ್ತು. ಕೆಲವರು ದಮ್ಮು ಅನ್ನುತ್ತಾರೆ, ಕೆಲವರು ಗೂರಲು ಅನ್ನುತ್ತಾರೆ. ಅದು ಹೇಗೆ ಬರುತ್ತದೆ? ನೋಡೋಣ.

ನಮ್ಮ ರಕ್ತದಲ್ಲಿ ಬಿಳಿ ಕಣಗಳಿವೆ. ಅವು ದೇಹದ ಕಾವಲುಗಾರರು. ರೋಗಾಣು ಒಳಗೆ ಬಂದರೆ ಹೊಡೆದು ಓಡಿಸುತ್ತವೆ. ಆದರೆ ಕೆಲವರ ದೇಹದಲ್ಲಿ ಕಾವಲು ದಾರಿ ತಪ್ಪುತ್ತದೆ. ಮನೆಯ ಧೂಳು, ಹೂವಿನ ಪರಾಗ, ಗೋಡೆಯ ಬೂಷ್ಟು, ಇವು ಕಳ್ಳರಲ್ಲ. ಆದರೂ ಕಾವಲುಗಾರರು 'ಕಳ್ಳ ಬಂದ' ಅಂತ ಕೂಗುತ್ತಾರೆ. ಇದೇ ಅಲರ್ಜಿ.

'ಟಿ ಕಣ' ಎಂಬ ಬಿಳಿ ಕಣ ಸುದ್ದಿ ಮುಟ್ಟಿಸುತ್ತದೆ. ಬೇರೆ ಕಣಗಳು ಶ್ವಾಸನಾಳಕ್ಕೆ ಬಂದು ಸೇರುತ್ತವೆ. ನಾಳದ ಒಳಭಾಗ ಊದುತ್ತದೆ. ಕಫ ತುಂಬುತ್ತದೆ. ಸುತ್ತಲಿನ ಸ್ನಾಯು ಬಿಗಿಯುತ್ತದೆ. ಗಾಳಿಯ ದಾರಿ ಕಿರಿದಾಗಿ ಎದೆ ಸುಯ್ ಸುಯ್ ಅನ್ನುತ್ತದೆ.

ಇದಕ್ಕೂ ಅಣಬೆಗೂ ಏನು ಸಂಬಂಧ? ಈಗ ಅಣಬೆ ಪುಡಿಯನ್ನು ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ. ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು: "ಮೇಷ್ಟ್ರೇ, ಇದನ್ನ ತಿಂದರೆ ಉಬ್ಬಸ ಹೋಗುತ್ತಂತೆ, ನಿಜವಾ? ನನ್ನ ಮಗನಿಗೆ ಕೊಡಲಾ?"

ಕೇಳಬೇಕಾದ ಮಾತೇ. ಅಣಬೆಯಲ್ಲಿ ಬೀಟಾ ಗ್ಲೂಕಾನ್ ಎಂಬ ನಾರಿನ ಅಂಶ ಇದೆ. ಅದನ್ನು ಬಿಳಿ ಕಣಗಳು ಗುರುತು ಹಿಡಿಯುತ್ತವೆ. ಅಣಬೆಯ ಅಂಶಗಳಿಂದ ಕೂಗಾಡುವ ಕಾವಲುಗಾರರನ್ನು ಸುಮ್ಮನಾಗಿಸಬಹುದೇ? ವಿಜ್ಞಾನಿಗಳು ಇಲಿಗಳ ಮೇಲೆ ಪರೀಕ್ಷೆ ಮಾಡಿದ್ದಾರೆ. ಕೆಲವು ಪರೀಕ್ಷೆಗಳಲ್ಲಿ ಊತ ಇಳಿದಿದೆ. ಆದರೆ ಇಲಿ ಬೇರೆ, ಮನುಷ್ಯ ಬೇರೆ.

ಚೀನಾ ದೇಶದಲ್ಲಿ ಲಿಂಗ್‌ಝಿ ಎಂಬ ಅಣಬೆ ಇದೆ. ಮರದ ಮೇಲೆ ಬೆಳೆಯುತ್ತದೆ, ಕಟ್ಟಿಗೆಯಂತೆ ಗಟ್ಟಿ. ಅಲ್ಲಿ 91 ಉಬ್ಬಸದ ರೋಗಿಗಳ ಮೇಲೆ 4 ವಾರ ಪರೀಕ್ಷೆ ನಡೆಯಿತು. 2005ರಲ್ಲಿ ಅದರ ವರದಿ ಬಂತು. ಕೆಲವರಿಗೆ ಲಿಂಗ್‌ಝಿ, ಜೇಷ್ಠಮಧು ಮತ್ತು ಇನ್ನೊಂದು ಬೇರು ಸೇರಿಸಿದ ಔಷಧಿ ಕೊಟ್ಟರು. ಉಳಿದವರಿಗೆ ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಎರಡೂ ಗುಂಪಿನವರಿಗೆ ಗುಣ ಕಂಡಿತು. ಮಾತ್ರೆ ತೆಗೆದುಕೊಂಡವರ ಉಸಿರು ತುಸು ಹೆಚ್ಚು ಸುಧಾರಿಸಿತು. ಆಸೆ ಹುಟ್ಟಿಸುವ ಸಂಗತಿ, ಸುಳ್ಳಲ್ಲ. ಆದರೆ ಮೂರು ವಸ್ತು ಬೆರೆತಿದ್ದವು. ಗುಣ ಅಣಬೆಯದೇ ಅಂತ ಹೇಗೆ ಹೇಳುವುದು? 4 ವಾರ ಸಾಲದು, ಉಬ್ಬಸ ವರ್ಷಗಟ್ಟಲೆ ಇರುವಂಥದ್ದು.

ಅಕ್ಕನಿಗೆ ನಾನು ಹೇಳಿದೆ: "ಅಣಬೆ ಸಾರು ಉಣ್ಣಲಿ, ಒಳ್ಳೆಯ ಊಟ. ಪುಡಿ ನಂಬಿ ಇನ್‌ಹೇಲರ್ ಮಾತ್ರ ಬಿಡಿಸಬೇಡಿ."

ಇನ್‌ಹೇಲರ್ ಅಂದರೆ ಬಾಯಿಗಿಟ್ಟು ಎಳೆದುಕೊಳ್ಳುವ ಔಷಧಿ. ಅದು ಚಟವಾಗುತ್ತದೆ ಅಂತ ಕೆಲವರು ಹೆದರುತ್ತಾರೆ. ಆಗುವುದಿಲ್ಲ. ದಿನವೂ ತೆಗೆದುಕೊಳ್ಳಿ ಅಂತ ಡಾಕ್ಟರು ಬರೆದುಕೊಟ್ಟಿದ್ದರೆ, ಉಸಿರು ಸಲೀಸಾಗಿದ್ದ ದಿನವೂ ಬಿಡಬಾರದು. ಬಿಟ್ಟರೆ ಒಳಗೆ ಮತ್ತೆ ಊತ ಶುರುವಾಗುತ್ತದೆ. ಜೋರು ಉಬ್ಬಸ ಜೀವ ತೆಗೆಯಬಹುದು.

ಅಣಬೆ ಬೆಳೆಯುವ ಅಕ್ಕಂದಿರಿಗೆ ಇನ್ನೊಂದು ಮಾತು. ಚಿಪ್ಪಣಬೆ ಪೂರ್ತಿ ಅರಳಿದರೆ ಸಣ್ಣ ಬೀಜಕಗಳು ಹುಡಿಯಂತೆ ಹಾರುತ್ತವೆ. ಅವುಗಳಿಂದಲೇ ಕೆಲವರಿಗೆ ಕೆಮ್ಮು, ಉಬ್ಬಸ ಬರುತ್ತದೆ! ಪೂರ್ತಿ ಅರಳುವ ಮೊದಲೇ ಕೀಳಿರಿ. ಕೊಠಡಿಯೊಳಗೆ ಹೋಗುವಾಗ ಮಾಸ್ಕ್ ಹಾಕಿಕೊಳ್ಳಿ.

ಓದಿರಿ, ಬರೆಯಿರಿ: ಉಬ್ಬಸ, ಬೂಷ್ಟು, ಶ್ವಾಸನಾಳ, ಅಣಬೆ, ಬೀಜಕ.
ನಿಮ್ಮ ಮನೆಯಲ್ಲಿ ಯಾರಿಗಾದರೂ ಉಬ್ಬಸ ಇದೆಯೇ? ಯಾವ ಧೂಳಿಗೆ, ಯಾವ ಕಾಲದಲ್ಲಿ ಹೆಚ್ಚಾಗುತ್ತದೆ? ಎರಡು ಸಾಲು ಬರೆಯಿರಿ.